ಪೆನ್ಷನ್ ಬಂದ ಮೇಲೆ: ಫೌಜು ಬಿಟ್ಟು ಊರಿಗೆ ಮರಳುವ ಜವಾನರಿಗೂ ಅವರ ಮನೆಯವರಿಗೂ ಒಂದು ಮಾರ್ಗದರ್ಶಿ

ಪೆನ್ಷನ್ ಬಂದ ಮೂರನೇ ದಿನ ನಾನು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ಜೋಡಿಸಿದೆ, ಬ್ಯಾರಕ್ಕಿನಲ್ಲಿ ಕಿಟ್ ಜೋಡಿಸುವ ಹಾಗೆ. ಮಧ್ಯಾಹ್ನ ಹೆಂಡತಿ ಒಗ್ಗರಣೆಗೆ ಎಣ್ಣೆ ಕಾಯಲು ಇಟ್ಟು ಸಾಸಿವೆಗೆ ಕೈ ಹಾಕಿದಳು. ಅಲ್ಲಿ ಕಾಫಿಪುಡಿ ಇತ್ತು. ಹುಡುಕುವಷ್ಟರಲ್ಲಿ ಎಣ್ಣೆ ಹೊಗೆಯಾಡಿತು. ಅವಳು ಒಲೆ ಆರಿಸಿದಳು. ಒಂದು ಮಾತೂ ಆಡದೆ ಒಂದೊಂದೇ ಡಬ್ಬಿ ತೆಗೆದು ಹಳೇ ಜಾಗಕ್ಕೆ ಇಟ್ಟಳು.

17 ವರ್ಷ ಆ ಅಡುಗೆಮನೆ ನಾನಿಲ್ಲದೆ ನಡೆದಿತ್ತು. ಮನೆಯೂ ಹಾಗೇ ನಡೆದಿತ್ತು. ಅದು ನನಗೆ ಅರ್ಥವಾಗಲು ಒಂದು ವರ್ಷ ಬೇಕಾಯಿತು.

ನಾನು ಹವಾಲ್ದಾರ್ ಆಗಿ ಪೆನ್ಷನ್ ಬಂದವನು, ಹಾಸನ ಜಿಲ್ಲೆಯವನು. ಈಗ ಸುತ್ತಮುತ್ತಲ ಹಳ್ಳಿಗಳ ಜವಾನರ ಕಾಗದಪತ್ರ ನೋಡಿಕೊಡುತ್ತೇನೆ. ಜಾಸ್ತಿ ಜನ ನನ್ನ ಹತ್ತಿರ ಬರುವುದು ತೊಂದರೆ ಆದ ಮೇಲೆ. ಎರಡು ವರ್ಷ ಮೊದಲೇ ಬಂದಿದ್ದರೆ ಅರ್ಧ ತೊಂದರೆ ಇರುತ್ತಲೇ ಇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದು ಮುಖ್ಯವಾಗಿ ಪೆನ್ಷನ್ ಇರುವ ಸಿಪಾಯಿ, ನಾಯಕ್, ಹವಾಲ್ದಾರ್, ಅದಕ್ಕೂ ಮೇಲಿನ ಜೆಸಿಒಗಳಿಗೆ. 2022ರಲ್ಲಿ ಶುರುವಾದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಕ್ಕೆ ಹೊರಬರುವ ಅಗ್ನಿವೀರರಿಗೆ ಪೆನ್ಷನ್ನೂ ಇಲ್ಲ, ಮಾಜಿ ಸೈನಿಕರ ಚಿಕಿತ್ಸಾ ಯೋಜನೆಯಾದ ಇಸಿಎಚ್‌ಎಸ್ಸೂ ಇಲ್ಲ. ಆದರೂ ದುಡ್ಡು, ಮನೆ, ಮನಸ್ಸಿನ ವಿಚಾರ ಅವರಿಗೂ ಅನ್ವಯಿಸುತ್ತದೆ.

ಎರಡು ವರ್ಷ ಮೊದಲು: ಹೆಸರುಗಳನ್ನು ಸರಿಮಾಡಿಸಿ

ಮೊದಲ ಕೆಲಸ ಇದೇ. ನಾವು ಕನ್ನಡದವರಿಗೆ ಇದು ದೊಡ್ಡ ತಲೆನೋವು, ಯಾಕೆಂದರೆ ನಮ್ಮಲ್ಲಿ ತುಂಬಾ ಜನಕ್ಕೆ ಸರ್‌ನೇಮ್ ಇಲ್ಲ, ಇನಿಷಿಯಲ್ ಇದೆ. ಭರ್ತಿಯ ದಿನ ಕ್ಲರ್ಕು ಆ ಇನಿಷಿಯಲ್ಲನ್ನು ಬಿಡಿಸಿ ಒಂದು ಥರ ಬರೆದಿರುತ್ತಾನೆ. ಆಧಾರ್‌ನಲ್ಲಿ ಇನ್ನೊಂದು ಥರ, ಬ್ಯಾಂಕಿನಲ್ಲಿ ಮತ್ತೊಂದು ಥರ. ಹೆಂಡತಿಯ ಹೆಸರಿನ ಕಥೆ ಇನ್ನೂ ಕಷ್ಟ. ತವರಿನಲ್ಲಿ ಒಂದು ಹೆಸರು, ಮದುವೆಯಾದ ಮೇಲೆ ಇನ್ನೊಂದು.

ನನ್ನ ದಾಖಲೆಯಲ್ಲಿ ಹೆಂಡತಿಯ ಹೆಸರಿನ ಕೊನೆಗೆ ‘ಅಮ್ಮ’ ಸೇರಿತ್ತು, ಆಧಾರ್‌ನಲ್ಲಿ ಇರಲಿಲ್ಲ. ಹುಟ್ಟಿದ ತಾರೀಖೂ ಎರಡು ಕಡೆ ಎರಡು ಥರ ಇತ್ತು. ಸರ್ವಿಸಿನಲ್ಲಿ ಇರುವಾಗ ಕಂಪನಿ ಆಫೀಸಿಗೆ ಹೋಗಿ ಒಂದು ಪಾರ್ಟ್ ಟು ಆರ್ಡರ್, ಅಂದರೆ ದಾಖಲೆಯಲ್ಲಿ ಬದಲಾವಣೆ ಸೇರಿಸುವ ಆದೇಶ, ಹೊರಡಿಸಿದ್ದರೆ ಮುಗಿಯುತ್ತಿತ್ತು. ಆಮೇಲೆ ಮಾಡಿಸೋಣ ಅಂದುಕೊಂಡೆ. ಪೆನ್ಷನ್ ಬಂದ ಮೇಲೆ ಅಫಿಡವಿಟ್, ಮದುವೆ ಪ್ರಮಾಣಪತ್ರ, ರೆಕಾರ್ಡ್ಸ್ ಆಫೀಸಿಗೆ ಪತ್ರದ ಮೇಲೆ ಪತ್ರ. 11 ತಿಂಗಳು ಹಿಡಿಯಿತು. ಆ 11 ತಿಂಗಳಲ್ಲಿ ನನಗೇನಾದರೂ ಆಗಿದ್ದರೆ ಅವಳು ಕುಟುಂಬ ಪಿಂಚಣಿಗೆ ಎಷ್ಟು ಅಲೆಯಬೇಕಿತ್ತು ಅಂತ ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಹಾಗಾಗಿ ಮುಂದಿನ ರಜೆಯಲ್ಲಿ ಊರಿಗೆ ಬಂದಾಗ ಒಂದು ಬಿಳಿ ಹಾಳೆ ತಗೊಳ್ಳಿ. ನಿಮ್ಮ, ಹೆಂಡತಿಯ, ಪ್ರತಿ ಮಗುವಿನ, ತಂದೆತಾಯಿಯ ಹೆಸರು ಮತ್ತು ಹುಟ್ಟಿದ ತಾರೀಖನ್ನು ಆಧಾರ್‌ನಲ್ಲಿ ಇರುವ ಹಾಗೇ, ಅಕ್ಷರಕ್ಕೆ ಅಕ್ಷರ ಬರೆಯಿರಿ. ಪಕ್ಕದಲ್ಲಿ ಪಾನ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಶಾಲೆಯ ದಾಖಲೆಯಲ್ಲಿ ಹೇಗಿದೆ ಅಂತ ಬರೆಯಿರಿ. ಯೂನಿಟ್ಟಿಗೆ ವಾಪಸ್ ಹೋಗಿ ನಿಮ್ಮ ಶೀಟ್ ರೋಲ್ (ಸೇವಾ ದಾಖಲೆ) ಮತ್ತು ಕಿಂಡ್ರೆಡ್ ರೋಲ್ (ಮನೆಯವರ ವಿವರ) ಜೊತೆ ತಾಳೆ ನೋಡಿ. ಎಲ್ಲಿ ಒಂದಕ್ಷರ ವ್ಯತ್ಯಾಸ ಇದ್ದರೂ ಅಲ್ಲೇ ಸರಿಮಾಡಿಸಿ. ಮಗು ಹುಟ್ಟಿದ ಪಾರ್ಟ್ ಟು ಆರ್ಡರ್ ಹೊರಟಿದೆಯಾ, ಅದರ ನಂಬರು, ತಾರೀಖು ಏನು ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಮುಂದೆ ಸ್ಕಾಲರ್‌ಶಿಪ್ಪಿಗೆ, ಇಸಿಎಚ್‌ಎಸ್ ಕಾರ್ಡಿಗೆ ಈ ದಾಖಲೆಯೇ ಆಧಾರ.

ಪೆನ್ಷನ್ ಖಾತೆ ಹೆಂಡತಿಯ ಜೊತೆ ಜಾಯಿಂಟ್ ಆಗಿರಲಿ. ಆ ಬ್ಯಾಂಕು ಅವಳು ಒಬ್ಬಳೇ ಹೋಗಿಬರುವಷ್ಟು ಹತ್ತಿರ ಇರಲಿ. ಯೂನಿಟ್ ಇರುವ ಊರಿನಲ್ಲಿ ಖಾತೆ ತೆರೆದು ಆಮೇಲೆ ಒದ್ದಾಡಿದವರನ್ನು ನೋಡಿದ್ದೇನೆ.

ಕೊನೆಯ ವರ್ಷ

ಡೈರೆಕ್ಟರೇಟ್ ಜನರಲ್ ರೀಸೆಟ್ಲ್‌ಮೆಂಟ್, ಅಂದರೆ ಡಿಜಿಆರ್, ನಿವೃತ್ತಿಗೆ ಮುಂಚೆ ಕೋರ್ಸುಗಳನ್ನು ನಡೆಸುತ್ತದೆ. ಜವಾನರ, ಜೆಸಿಒಗಳ ಫೀಸನ್ನು ಅದೇ ಕಟ್ಟುತ್ತದೆ. ಹೆಸರು ಯೂನಿಟ್ ಮೂಲಕವೇ ಹೋಗಬೇಕು. ಬಹಳ ಜನ ಕೋರ್ಸನ್ನು ಊರಿಗೆ ಹತ್ತಿರ ಇದೆ ಅಂತ ಆರಿಸಿಕೊಳ್ಳುತ್ತಾರೆ, ರಜೆ ಸಿಕ್ಕಿದ ಹಾಗೆ ಆಗುತ್ತದೆ ಅಂತ. ಹಾಗೆ ಮಾಡಬೇಡಿ. ಮುಂದೆ ಯಾವ ಕೆಲಸ ಮಾಡಬೇಕು ಅಂತ ಮೊದಲು ಮನೆಯಲ್ಲಿ ಕೂತು ಮಾತಾಡಿ, ಆಮೇಲೆ ಕೋರ್ಸು ಆರಿಸಿ.

ಹೊರಬರುವ ಮುಂಚಿನ ವೈದ್ಯಕೀಯ ಪರೀಕ್ಷೆಯಲ್ಲಿ ಮನೆಗೆ ಹೋಗುವ ಆತುರಕ್ಕೆ ಬಿದ್ದು ಎಲ್ಲ ಚೆನ್ನಾಗಿದೆ ಅಂದುಬಿಡಬೇಡಿ. ಮಂಡಿ ನೋವು, ಸೊಂಟ, ಫೈರಿಂಗಿನಿಂದ ಮಂದವಾದ ಕಿವಿ, ಬಿಪಿ, ನಿದ್ದೆ ಬಾರದಿರುವುದು ಎಲ್ಲವನ್ನೂ ಹೇಳಿ, ಬರೆಸಿ. ಸರ್ವಿಸಿನಿಂದಲೇ ಬಂದ ಅಥವಾ ಸರ್ವಿಸಿನಿಂದ ಜಾಸ್ತಿಯಾದ ಕಾಯಿಲೆಗೆ ಅಂಗವೈಕಲ್ಯ ಪಿಂಚಣಿಯ ಹಕ್ಕು ಇದೆ. ಅದನ್ನು ಹತ್ತು ವರ್ಷ ಆದ ಮೇಲೆ ಸಾಬೀತು ಮಾಡುವುದು ತುಂಬಾ ಕಷ್ಟ. ಮೆಡಿಕಲ್ ಬೋರ್ಡಿನ ಕಾಗದದ ಪ್ರತಿ ಕೇಳಿ ಪಡೆಯಿರಿ. ಬೋರ್ಡಿನ ತೀರ್ಮಾನ ಸರಿ ಇಲ್ಲ ಅನಿಸಿದರೆ ಮೇಲ್ಮನವಿ ಇದೆ, ಅದರಾಚೆಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ.

ಕಮ್ಯುಟೇಶನ್ ಬಗ್ಗೆ ಕೈಮೇಲೆ ಲೆಕ್ಕ ಹಾಕಿ ಸಹಿ ಮಾಡಿ. ಮೂಲ ಪಿಂಚಣಿಯ ಅರ್ಧದವರೆಗೆ ಒಟ್ಟಿಗೇ ತಗೊಳ್ಳಬಹುದು. ಹಾಗೆ ತಗೊಂಡ ಭಾಗ 15 ವರ್ಷ ನಿಮ್ಮ ತಿಂಗಳ ಪಿಂಚಣಿಯಲ್ಲಿ ಕಡಿತವಾಗುತ್ತದೆ, ಆಮೇಲೆ ಪೂರ್ತಿ ಪಿಂಚಣಿ ಮತ್ತೆ ಬರುತ್ತದೆ. ತುಟ್ಟಿಭತ್ಯೆ ಮಾತ್ರ ಮೊದಲಿಂದಲೂ ಪೂರ್ತಿ ಮೂಲ ಪಿಂಚಣಿಯ ಮೇಲೇ ಸಿಗುತ್ತದೆ. ಮನೆ ಕಟ್ಟುವ ಅಥವಾ ಸಾಲ ತೀರಿಸುವ ಗಟ್ಟಿ ಕಾರಣ ಇದ್ದರೆ ತಗೊಳ್ಳಿ. ಎಲ್ಲರೂ ತಗೊಳ್ತಾರೆ ಅಂತ ಸುಮ್ನೆ ತಗೊಳ್ಳಬೇಡಿ.

ಊರಿಗೆ ಬಂದ ಮೊದಲ ತಿಂಗಳು

ಡಿಸ್ಚಾರ್ಜ್ ಬುಕ್ ನಿಮ್ಮ ಎರಡನೇ ಜನ್ಮಪತ್ರ. ಬಂದ ವಾರದಲ್ಲೇ ಅದರ ಪ್ರತಿ ಪುಟವನ್ನೂ ಪಿಪಿಒವನ್ನೂ (ಪಿಂಚಣಿ ಪಾವತಿ ಆದೇಶ) ಸ್ಕ್ಯಾನ್ ಮಾಡಿಸಿ, ಎರಡು ಸೆಟ್ ಜೆರಾಕ್ಸ್ ಮಾಡಿಸಿ. ಮೂಲ ಪ್ರತಿಯನ್ನು ಯಾರ ಕೈಗೂ ಕೊಟ್ಟುಬರಬೇಡಿ. ಅರ್ಜಿ ತುಂಬಿಕೊಡುತ್ತೇವೆ ಅನ್ನುವವರಿಗಂತೂ ಬೇಡವೇ ಬೇಡ.

ಆಮೇಲೆ ಜಿಲ್ಲಾ ಕೇಂದ್ರದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ. ಎಲ್ಲ ಜಿಲ್ಲೆಯಲ್ಲೂ ಈ ಕಚೇರಿ ಇಲ್ಲ. ಕೆಲವು ಕಚೇರಿಗಳು ಪಕ್ಕದ ಜಿಲ್ಲೆಯನ್ನೂ ನೋಡಿಕೊಳ್ಳುತ್ತವೆ. ಇಲಾಖೆಯ ಕೇಂದ್ರ ಕಚೇರಿ ಬೆಂಗಳೂರಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಭವನದಲ್ಲಿದೆ. ನಿಮ್ಮ ಜಿಲ್ಲೆಯನ್ನು ನೋಡಿಕೊಳ್ಳುವ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಮಾಜಿ ಸೈನಿಕರ ಗುರುತಿನ ಚೀಟಿ ಮಾಡಿಸಿ. ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಆ ಕಚೇರಿಯ ದಾರಿ, ಕಿಟಕಿ, ಅಲ್ಲಿನ ಸಿಬ್ಬಂದಿಯ ಮುಖ ಅವಳಿಗೂ ಪರಿಚಯ ಆಗಲಿ. ಮಕ್ಕಳ ಓದಿಗೆ ಇರುವ ಪ್ರಧಾನ ಮಂತ್ರಿ ಸ್ಕಾಲರ್‌ಶಿಪ್ ವೃತ್ತಿಪರ ಕೋರ್ಸು ಓದುವವರಿಗೆ ಸಿಗುತ್ತದೆ. ಅದಕ್ಕೆ ಪಿಯುಸಿಯಲ್ಲಿ 60% ಬೇಕು, ಈ ನೋಂದಣಿಯೂ ಬೇಕು. ಹವಾಲ್ದಾರ್ ಮತ್ತು ಕೆಳಗಿನ ದರ್ಜೆಯವರಿಗೆ ಮಕ್ಕಳ ಓದಿಗೆ, ಮಗಳ ಮದುವೆಗೆ ಕೇಂದ್ರೀಯ ಸೈನಿಕ ಮಂಡಳಿಯ ನೆರವೂ ಇದೆ. ಅರ್ಜಿಗೆ ಗಡುವು ಇರುತ್ತದೆ, ದಾಟಿದರೆ ಹೋಯಿತು.

ಇಸಿಎಚ್‌ಎಸ್ 2003ರ ಏಪ್ರಿಲ್‌ನಲ್ಲಿ ಶುರುವಾದದ್ದು. ಒಂದೇ ಸಲ ವಂತಿಗೆ ಕಟ್ಟಿದರೆ ನಿಮಗೂ ಹೆಂಡತಿಗೂ ಜೀವನಪೂರ್ತಿ ಚಿಕಿತ್ಸೆ. ಅವಲಂಬಿತ ಮಕ್ಕಳಿಗೂ ತಂದೆತಾಯಿಗೂ ಷರತ್ತಿನ ಮೇಲೆ ಇದೆ. ನಿಮ್ಮ ಪಾಲಿಕ್ಲಿನಿಕ್ ಯಾವುದು ಅಂತ ಆರಿಸುವಾಗ ಬಸ್ಸಿನ ದಾರಿ ನೋಡಿ ಆರಿಸಿ. ಕಾರ್ಡು ಇದ್ದ ಮಾತ್ರಕ್ಕೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗುವಂತಿಲ್ಲ. ಪಾಲಿಕ್ಲಿನಿಕ್ಕಿನಿಂದ ರೆಫರಲ್ ತಗೊಂಡು ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋಗಬೇಕು. ತುರ್ತು ಇದ್ದರೆ ಯಾವ ಆಸ್ಪತ್ರೆಗಾದರೂ ಹೋಗಬಹುದು. ಅದು ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆ ಆದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್ಕಿಗೆ ತಿಳಿಸಬೇಕು. ಮಧ್ಯರಾತ್ರಿ ಅಪ್ಪನಿಗೆ ಎದೆನೋವು ಬಂದಾಗ ಈ 48 ಗಂಟೆ ಯಾರಿಗೂ ನೆನಪಾಗುವುದಿಲ್ಲ. ಪಾಲಿಕ್ಲಿನಿಕ್ಕಿನ ನಂಬರನ್ನು ಫ್ರಿಜ್ಜಿನ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ.

ಪಿಂಚಣಿ ಈಗ ಸ್ಪರ್ಶ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಬರುತ್ತದೆ. ಲಾಗಿನ್ ಮಾಡಲು ಕಲಿಯಿರಿ, ಮೊಬೈಲ್ ನಂಬರ್ ಬದಲಾಯಿಸಿದರೆ ಅಲ್ಲೂ ಬದಲಾಯಿಸಿ. ವರ್ಷಕ್ಕೊಮ್ಮೆ ಜೀವನ ಪ್ರಮಾಣ (ಬದುಕಿದ್ದೀರಿ ಅನ್ನುವುದಕ್ಕೆ ಪುರಾವೆ) ಕೊಡಲೇಬೇಕು, ಮರೆತರೆ ಪಿಂಚಣಿ ನಿಲ್ಲುತ್ತದೆ. ಆಧಾರ್ ಇದ್ದರೆ ಈಗ ಮೊಬೈಲಿನಲ್ಲೇ ಮುಖ ತೋರಿಸಿ ಮಾಡಬಹುದು. ಸ್ಪರ್ಶ್ ಹೆಸರಿನಲ್ಲಿ ಫೋನ್ ಮಾಡಿ ಒಟಿಪಿ ಕೇಳುವವರು ಕಳ್ಳರು. ಯಾವ ಕಚೇರಿಯೂ ಒಟಿಪಿ ಕೇಳುವುದಿಲ್ಲ.

ಕ್ಯಾಂಟೀನ್ ಕಾರ್ಡಿನ ಬಗ್ಗೆ ಯಾರಿಗೂ ಹೇಳಿಕೊಡಬೇಕಿಲ್ಲ.

ದುಡ್ಡು: ಆರು ತಿಂಗಳು ಮುಟ್ಟಬೇಡಿ

ಗ್ರಾಚ್ಯುಟಿ, ಕಮ್ಯುಟೇಶನ್, ಉಳಿದ ರಜೆಯ ಸಂಬಳ, ಪಿಎಫ್, ಗ್ರೂಪ್ ಇನ್ಶೂರೆನ್ಸ್ ಎಲ್ಲ ಸೇರಿ ಒಂದು ಸಾಮಾನ್ಯ ಮನೆ ಹಿಂದೆಂದೂ ನೋಡಿರದಷ್ಟು ದುಡ್ಡು ಖಾತೆಗೆ ಬೀಳುತ್ತದೆ. ಅದು ಬಿದ್ದದ್ದು ನಿಮಗಿಂತ ಮುಂಚೆ ಊರಿಗೆ ಗೊತ್ತಾಗುತ್ತದೆ. ಸೋದರಮಾವ ಬರುತ್ತಾರೆ, ಓದುವಾಗಿನ ಗೆಳೆಯ ಬರುತ್ತಾನೆ, ಚೀಟಿ ನಡೆಸುವವರು ಬರುತ್ತಾರೆ. ಎಲ್ಲರೂ ಕೆಟ್ಟವರಲ್ಲ. ಆದರೆ ನಾವು ಇಷ್ಟು ವರ್ಷ ಪಲ್ಟನಿನಲ್ಲಿ ಪಕ್ಕದವನ ಮಾತನ್ನು ಪೂರ್ತಿ ನಂಬಿ ಬದುಕಿದವರು. ಆ ನಂಬಿಕೆಯನ್ನು ಹಾಗೇ ಊರಿಗೆ ತಂದು ದುಡ್ಡು ಕಳೆದುಕೊಂಡವರು ನಮ್ಮ ತಾಲ್ಲೂಕಿನಲ್ಲೇ ಇದ್ದಾರೆ.

ದುಡ್ಡನ್ನು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಠೇವಣಿ ಇಟ್ಟು ಆರು ತಿಂಗಳು ಸುಮ್ಮನಿರಿ. ಕೇಳಿ ಬಂದವರಿಗೆ “ಹೆಂಡತಿ ಹೆಸರಲ್ಲಿ ಇಟ್ಟಿದ್ದೀನಿ ಅಣ್ಣ, ಅವಳನ್ನು ಕೇಳಬೇಕು” ಅನ್ನಿ. ಅದು ನೆಪ ಆಗಬಾರದು, ನಿಜವಾಗಿ ಅವಳನ್ನು ಕೇಳಿ. ಯಾರು ತಗೊಂಡ ಸಾಲ ವಾಪಸ್ ಕೊಡುತ್ತಾರೆ, ಯಾರು ಕೊಡುವುದಿಲ್ಲ ಅಂತ ಊರಿನಲ್ಲೇ ಇದ್ದವಳಿಗೆ ಗೊತ್ತು, ನಮಗೆ ಗೊತ್ತಿಲ್ಲ.

ಸೈಟೋ ಜಮೀನೋ ಕೊಳ್ಳುವುದಾದರೆ ಪಹಣಿ ಯಾರ ಹೆಸರಲ್ಲಿದೆ ನೋಡಿ. ಋಣಭಾರ ಪತ್ರ ತೆಗೆಸಿ. ಸೈಟಿಗೆ ಇ-ಖಾತೆ ಇದೆಯಾ ಕೇಳಿ. ಜಮೀನಿನಲ್ಲಿ ಭಾಗ ಕೊಳ್ಳುವುದಾದರೆ 11ಇ ನಕ್ಷೆ, ಅಂದರೆ ಆ ಭಾಗವನ್ನು ಅಳೆದು ತೋರಿಸಿದ ಸರ್ವೆ ನಕ್ಷೆ, ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಆ ಮಾರಾಟ ನಿಲ್ಲುವುದಿಲ್ಲ. ಜಮೀನೂ ಹೋಗುತ್ತದೆ, ದುಡ್ಡೂ ಹೋಗುತ್ತದೆ. ಅಗ್ಗಕ್ಕೆ ಸಿಗುತ್ತಿದೆ ಅಂದರೆ ಮೊದಲು ಇದನ್ನೇ ವಿಚಾರಿಸಿ.

ಸೈನಿಕರಿಗೆ ಸರ್ಕಾರಿ ಜಮೀನು ಮಂಜೂರು ಮಾಡಲು ಕರ್ನಾಟಕದ 1969ರ ಭೂ ಮಂಜೂರಾತಿ ನಿಯಮಗಳಲ್ಲಿ ಜಾಗ ಇದೆ. ತಹಶೀಲ್ದಾರರಿಗೆ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ. ಆದರೆ ಆ ಜಮೀನನ್ನು ನಂಬಿಕೊಂಡು ಬದುಕಿನ ಲೆಕ್ಕ ಹಾಕಬೇಡಿ. ಬಹಳ ವರ್ಷ ಅಲೆದು, ಕೊನೆಗೆ ಅರ್ಜಿಯ ಪ್ರತಿ ಮಾತ್ರ ಕೈಯಲ್ಲಿ ಹಿಡಿದವರನ್ನು ನೋಡಿ ನನಗೆ ತುಂಬಾ ನೋವಾಗಿದೆ.

ಕೆಲಸ

ಮೂವತ್ತೈದು, ನಲವತ್ತನೇ ವಯಸ್ಸಿಗೆ ಹೊರಬಂದವರಿಗೆ ಇನ್ನೂ ಇಪ್ಪತ್ತು ವರ್ಷದ ದುಡಿಮೆ ಇದೆ. ಊರಿನವರು ಮೊದಲು ತೋರಿಸುವ ಕೆಲಸ ಸೆಕ್ಯೂರಿಟಿ. ಅದು ಗೌರವದ ಕೆಲಸವೇ. ಆದರೆ ಅದೊಂದೇ ನಮಗೆ ಬರುವುದು ಅನ್ನುವ ಮಾತನ್ನು ಒಪ್ಪಬೇಡಿ.

ಸರ್ಕಾರಿ ಕೆಲಸದ ಲೆಕ್ಕ ಹೀಗಿದೆ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ 10% ಮೀಸಲು. ಸರ್ಕಾರಿ ಬ್ಯಾಂಕು ಮತ್ತು ಕೇಂದ್ರದ ಸಾರ್ವಜನಿಕ ಉದ್ಯಮಗಳ ಗ್ರೂಪ್ ಸಿ ಹುದ್ದೆಗಳಲ್ಲಿ 14.5%. ಕರ್ನಾಟಕ ಸರ್ಕಾರದ ನೇಮಕಾತಿಯಲ್ಲೂ 10% ಇದೆ. ವಯಸ್ಸಿನ ಮಿತಿಗೆ ಹೆದರಬೇಡಿ. ಸೇವೆ ಮಾಡಿದಷ್ಟು ವರ್ಷ, ಜೊತೆಗೆ 3 ವರ್ಷ ಸಡಿಲಿಕೆ ಸಿಗುತ್ತದೆ. ಎಸ್ಸೆಸ್ಸೆಲ್ಸಿ ಪಾಸಾಗಿ 15 ವರ್ಷ ಸೇವೆ ಮುಗಿಸಿದವರು, ತಾಂತ್ರಿಕ ವಿದ್ಯಾರ್ಹತೆ ಬೇಡದ ಕೇಂದ್ರದ ಗ್ರೂಪ್ ಸಿ ಹುದ್ದೆಗೆ ಪದವಿ ಕೇಳಿದ್ದರೂ ಅರ್ಜಿ ಹಾಕಬಹುದು. ನಿವೃತ್ತಿಗೆ ಒಂದು ವರ್ಷ ಇರುವಾಗಲೇ ಅರ್ಜಿ ಹಾಕಲು ಅವಕಾಶ ಇದೆ. ಇದು ಗೊತ್ತಿಲ್ಲದೆ ಆ ಒಂದು ವರ್ಷ ಕಳೆದುಕೊಂಡವರು ಬಹಳ.

ಇನ್ನೊಂದು ಮಾತು. ಕೇಂದ್ರದ ನಿಯಮದಲ್ಲಿ ಮಾಜಿ ಸೈನಿಕರ ಮೀಸಲಿನ ಮೇಲೆ ಒಂದು ಸರ್ಕಾರಿ ಕೆಲಸಕ್ಕೆ ಸೇರಿದಿರಿ ಅಂದರೆ ಆ ಮೀಸಲು ಅಲ್ಲಿಗೆ ಮುಗಿಯಿತು. ಹಾಗಾಗಿ ಸೇರಿದ ಕೂಡಲೇ, ಅದಕ್ಕೂ ಮೊದಲು ಬೇರೆ ಯಾವ ಯಾವ ಹುದ್ದೆಗೆ ಅರ್ಜಿ ಹಾಕಿದ್ದೀರಿ ಅಂತ ತಾರೀಖಿನ ಸಮೇತ ಬರೆದು ಕಚೇರಿಗೆ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಆಗ ಆ ಹುದ್ದೆಗಳಿಗೆ ಮೀಸಲು ಉಳಿಯುತ್ತದೆ. ಅರ್ಧ ಹಾಳೆಯ ಕೆಲಸ ಇದು.

ಖಾಸಗಿ ಕಂಪನಿಗೆ ಹೋಗುವಾಗ ನಮ್ಮ ಕೆಲಸವನ್ನು ಅವರ ಮಾತಿನಲ್ಲಿ ಹೇಳಬೇಕು. ಪಕ್ಕದೂರಿನ ಒಬ್ಬ ಹವಾಲ್ದಾರ್ ನನ್ನ ಹತ್ತಿರ ತಂದ ಬಯೋಡೇಟಾದಲ್ಲಿ ಇದ್ದದ್ದು ಒಂದೇ ಸಾಲು: “ಎಂಟಿ ಎನ್‌ಸಿಒ, 5 ವರ್ಷ.” ಮೂರು ಕಂಪನಿಯವರು ಓದಿ ಬದಿಗಿಟ್ಟಿದ್ದರು. ನಾವಿಬ್ಬರೂ ಜಗಲಿ ಮೇಲೆ ಕೂತೆವು. ಎಷ್ಟು ಗಾಡಿ ಇದ್ದವು ಅಂದೆ. 32 ಅಂದ. ಡ್ರೈವರುಗಳು? 40. ಡೀಸೆಲ್ ಲೆಕ್ಕ ಯಾರು ಬರೀತಿದ್ರು? ನಾನೇ. ಹಿಮದಲ್ಲಿ ಗಾಡಿ ಕೆಟ್ಟರೆ? ರಿಪೇರಿಗೆ ಕಳಿಸಿ, ಬದಲಿ ಗಾಡಿ ಹೊಂದಿಸಿ, ರೇಷನ್ ಹೊತ್ತಿಗೆ ಸರಿಯಾಗಿ ಮುಟ್ಟಿಸೋದು ನನ್ನ ಜವಾಬ್ದಾರಿ. ಅದನ್ನೇ ಬರೆದೆವು: “32 ವಾಹನಗಳ ನಿರ್ವಹಣೆ, 40 ಚಾಲಕರ ಡ್ಯೂಟಿ ಹಂಚಿಕೆ, ಇಂಧನ ಲೆಕ್ಕ, ಎತ್ತರದ ಪ್ರದೇಶದಲ್ಲಿ ಸರಕು ಸಾಗಣೆ.” ಈಗ ಅವನು ಒಂದು ಸಾಗಣೆ ಕಂಪನಿಯಲ್ಲಿ ಗಾಡಿಗಳ ಮೇಲ್ವಿಚಾರಕ. ನಿಮ್ಮ ಟ್ರೇಡ್ ಯಾವುದೇ ಇರಲಿ, ಹೀಗೆ ಯಾರಾದರೂ ಎದುರು ಕೂತು ಪ್ರಶ್ನೆ ಕೇಳುವಂತೆ ಮಾಡಿಕೊಳ್ಳಿ. ನಮ್ಮ ಕೆಲಸ ಎಷ್ಟು ದೊಡ್ಡದು ಅಂತ ನಮಗೇ ಗೊತ್ತಿರುವುದಿಲ್ಲ.

ಮನೆ

ಇದಕ್ಕೆ ಯಾವ ಫಾರಂ ಇಲ್ಲ. ಅದಕ್ಕೇ ಇದು ಎಲ್ಲಕ್ಕಿಂತ ಕಷ್ಟ.

ರಜೆಗೆ ಬರುತ್ತಿದ್ದಾಗ ನೀವು ಅತಿಥಿ. ಕೋಳಿ ಸಾರು, ನೆಂಟರ ಮನೆ, ಮಕ್ಕಳಿಗೆ ಬಟ್ಟೆ. ಈಗ ನೀವು ದಿನಾ ಇರುವವರು. ನೀವಿಲ್ಲದ ವರ್ಷಗಳಲ್ಲಿ ಹೆಂಡತಿ ರೇಷನ್ ಕಾರ್ಡು ಮಾಡಿಸಿದ್ದಾಳೆ, ಮಗುವಿನ ಜ್ವರಕ್ಕೆ ರಾತ್ರಿ ಆಟೋ ಹಿಡಿದಿದ್ದಾಳೆ, ಅತ್ತೆಗೆ ಮಾತ್ರೆ ಕೊಟ್ಟಿದ್ದಾಳೆ, ಗದ್ದೆಗೆ ಆಳು ಕರೆದಿದ್ದಾಳೆ, ಸಂಘದ ಕಂತು ಕಟ್ಟಿದ್ದಾಳೆ. ನನ್ನ ಮಗಳು ಸ್ಕೂಲ್ ಟ್ರಿಪ್ಪಿಗೆ ಹೋಗಲು ಅನುಮತಿ ಕೇಳಿದ್ದು ಅವರಮ್ಮನನ್ನು. ನಾನು ಅಲ್ಲೇ ಪಕ್ಕದಲ್ಲಿ ಕೂತಿದ್ದೆ. ಆ ದಿನ ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದೆ, ಆ ಮಗು ಹತ್ತು ವರ್ಷದಿಂದ ಕೇಳುತ್ತಿದ್ದದ್ದು ಅಲ್ಲೇ ಅಲ್ವಾ?

ಮೊದಲ ಆರು ತಿಂಗಳು ಮನೆಯಲ್ಲಿ ಯಾವ ಪದ್ಧತಿಯನ್ನೂ ಬದಲಾಯಿಸಬೇಡಿ. ನೋಡಿ, ಕೇಳಿ. ಹೊಸ ಪೋಸ್ಟಿಂಗಿಗೆ ಹೋದಾಗ ಮೊದಲು ಹ್ಯಾಂಡಿಂಗ್ ಟೇಕಿಂಗ್ ಮಾಡುತ್ತೀವಲ್ಲ, ಹಾಗೆ. ಆಮೇಲೆ ಒಂದು ಕೆಲಸ ಕೇಳಿ ಪಡೆಯಿರಿ. ನಾನು ಮಗಳನ್ನು ಬಸ್ಸಿಗೆ ಬಿಡುವ ಕೆಲಸ ಕೇಳಿದೆ. ದಿನಾ ಬೆಳಿಗ್ಗೆ ಹದಿನೈದು ನಿಮಿಷದ ನಡಿಗೆ. ಮೊದಲ ವಾರ ಇಬ್ಬರಿಗೂ ಮಾತೇ ಇರಲಿಲ್ಲ. ಮೂರನೇ ವಾರಕ್ಕೆ ಅವಳ ಗಣಿತದ ಟೀಚರ್ ಹೆಸರು ನನಗೆ ಗೊತ್ತಾಯಿತು. ಒಂದು ದಿನ ಮಳೆ ಬಂದಾಗ ಅವಳೇ ನನ್ನ ಕೈ ಹಿಡಿದುಕೊಂಡಳು.

ಹೆಂಡತಿಯರಿಗೂ ಒಂದು ಮಾತು ಹೇಳುತ್ತೇನೆ. ನಿಮ್ಮ ಯಜಮಾನರು ದನಿ ಎತ್ತಿ ಮಾತಾಡುವುದು ಜಾಸ್ತಿ ಸಲ ಸಿಟ್ಟಲ್ಲ, ಮೈದಾನದ ಅಭ್ಯಾಸ. ಆದರೆ ಅದನ್ನು ಸಹಿಸಿಕೊಂಡು ಸುಮ್ಮನಿರಬೇಕಾಗಿಲ್ಲ ನೀವು. “ಇದು ಪರೇಡ್ ಅಲ್ಲ ರೀ” ಅಂತ ಮೊದಲ ವಾರದಲ್ಲೇ ಹೇಳಿ. ನನ್ನ ಹೆಂಡತಿ ಹಾಗೆ ಹೇಳಿದ್ದರಿಂದಲೇ ನನಗೆ ಗೊತ್ತಾಗಿದ್ದು.

ನಿದ್ದೆ, ಸಿಟ್ಟು, ಕುಡಿತ

ದೀಪಾವಳಿಯ ಪಟಾಕಿಗೆ ಮೈ ಬೆವರಬಹುದು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಬಾಗಿಲ ಚಿಲಕ ನೋಡಿ ಬರಬಹುದು. ಸಂಜೆ ಆರಕ್ಕೆ ರೋಲ್ ಕಾಲ್ ಇಲ್ಲದೆ ಏನು ಮಾಡಬೇಕು ಅಂತ ತಿಳಿಯದೆ ಬಾಟಲಿ ಹತ್ತಿರ ಬರಬಹುದು. ಕೆಲವು ವಾರದಲ್ಲಿ ಕಡಿಮೆಯಾದರೆ ಸರಿ. ಆಗದಿದ್ದರೆ, ಮನೆಯವರು ಹೆದರುತ್ತಿದ್ದಾರೆ ಅನಿಸಿದರೆ, ಬದುಕು ಸಾಕು ಅನ್ನುವ ಯೋಚನೆ ಒಂದೇ ಒಂದು ಸಲ ಬಂದರೂ, ಅದೇ ದಿನ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇಸಿಎಚ್‌ಎಸ್ ಪಾಲಿಕ್ಲಿನಿಕ್ಕಿನಲ್ಲಿ ಕೇಳಿದರೆ ಮನೋವೈದ್ಯರಿಗೂ ರೆಫರಲ್ ಸಿಗುತ್ತದೆ. ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಳ್ಳಲು ನಾಚಿಕೆ ಪಡದವರು ಇದಕ್ಕೂ ಪಡಬೇಕಾಗಿಲ್ಲ.

ಜೊತೆಗಾರರನ್ನು ಹುಡುಕಿಕೊಳ್ಳಿ. ತಾಲ್ಲೂಕಿನ ಮಾಜಿ ಸೈನಿಕರ ಸಂಘಕ್ಕೆ ತಿಂಗಳಿಗೆ ಒಂದು ಸಲ ಹೋಗಿ. ಕೊಡಗಿನ ಜನರಲ್ ಕಾರ್ಯಪ್ಪ ಸೇನೆಯಿಂದ ನಿವೃತ್ತರಾದದ್ದು 1953ರ ಜನವರಿ 14ರಂದು. ಅದೇ ದಿನವನ್ನು ಈಗ ಮಾಜಿ ಸೈನಿಕರ ದಿನ ಅಂತ ಆಚರಿಸುತ್ತಾರೆ. ಆ ಸಮಯದ ಸಮಾವೇಶಗಳಲ್ಲಿ ಪಿಂಚಣಿ, ಇಸಿಎಚ್‌ಎಸ್ ಸಮಸ್ಯೆ ಕೇಳುವ ಕೌಂಟರುಗಳೂ ಇರುತ್ತವೆ. ಕಾಗದ ಹಿಡಿದುಕೊಂಡೇ ಹೋಗಿ.

ಬೀರುವಿನ ಫೈಲು

ಕೊನೆಯ ಕೆಲಸ, ಒಂದು ಭಾನುವಾರ ಸಾಕು. ಒಂದು ಗಟ್ಟಿ ಫೈಲು ತಗೊಳ್ಳಿ. ಡಿಸ್ಚಾರ್ಜ್ ಬುಕ್, ಪಿಪಿಒ, ಇಸಿಎಚ್‌ಎಸ್ ಕಾರ್ಡಿನ ಪ್ರತಿ, ಗುರುತಿನ ಚೀಟಿ, ನಿವೃತ್ತಿಯ ನಂತರವೂ ಮುಂದುವರಿಯುವ ಗ್ರೂಪ್ ಇನ್ಶೂರೆನ್ಸಿನ ಕಾಗದ, ಬ್ಯಾಂಕು, ಠೇವಣಿ, ಜಮೀನಿನ ಪತ್ರ ಎಲ್ಲವನ್ನೂ ಈ ಕ್ರಮದಲ್ಲಿ ಇಡಿ. ಮೊದಲ ಪುಟದಲ್ಲಿ ನಿಮ್ಮ ಆರ್ಮಿ ನಂಬರು, ರ್‍ಯಾಂಕು, ರೆಕಾರ್ಡ್ಸ್ ಆಫೀಸಿನ ವಿಳಾಸ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಫೋನು ಬರೆಯಿರಿ. ಅದರ ಕೆಳಗೆ, ನೀವು ಇಲ್ಲವಾದರೆ ಏನು ಮಾಡಬೇಕು ಅಂತ ಬರೆಯಿರಿ: ಮರಣ ಪ್ರಮಾಣಪತ್ರದ ಹತ್ತು ಪ್ರತಿ ತಗೊಳ್ಳುವುದು, ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಸ್ಪರ್ಶ್‌ನಲ್ಲಿ ತಿಳಿಸಿ ಕುಟುಂಬ ಪಿಂಚಣಿಗೆ ಅರ್ಜಿ ಹಾಕುವುದು, ಇನ್ಶೂರೆನ್ಸ್ ಕೇಳುವುದು.

ನಾನು ಇದನ್ನು ಬರೆಯಲು ಕೂತಾಗ ಹೆಂಡತಿ ಪೆನ್ನು ಕಿತ್ತುಕೊಂಡಳು. ಸಂಜೆ ಹೊತ್ತಲ್ಲಿ ಇಂಥದ್ದೆಲ್ಲ ಬರೀಬೇಡಿ ಅಂದಳು. ಮಾರನೇ ದಿನ ಬೆಳಿಗ್ಗೆ ಕಾಫಿ ಕುಡಿದ ಮೇಲೆ ಅವಳೇ ಫೈಲು ತಂದು ಮೇಜಿನ ಮೇಲೆ ಇಟ್ಟಳು. ನಾನು ಹೇಳುತ್ತಾ ಹೋದೆ, ಅವಳು ಬರೆದಳು. ಆ ಮೊದಲ ಪುಟ ಈಗ ಅವಳ ಅಕ್ಷರದಲ್ಲಿದೆ.